ಮೊಲದ ಮರಿಗಳಿಗೆ ಮಹಡಿಯ ಗೂಡು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಕ್ಕಳ ಬಹುದಿನದ ಆಸೆಯಂತೆ ಎರಡು ತಿಂಗಳು ಪ್ರಾಯದ ಎರಡು ಮೊಲದ ಮರಿಗಳನ್ನು ಮನೆಗೆ ತಂದಿದ್ದೇವೆ. ಸದ್ಯ ಅವು ರಟ್ಟಿನ ಪೆಟ್ಟಿಗೆಯಲ್ಲಿವೆ. ಹಿಂಬದಿಯ ಜಗಲಿಯಲ್ಲಿ ಜಾಗ ಕಡಿಮೆ ಇರುವುದರಿಂದ ಎರಡಡಿ ಉದ್ದ, ಎರಡಡಿ ಅಗಲದ ಮೂರು ಮಹಡಿಯ ಗೂಡನ್ನು ನಾವೇ ಕಟ್ಟಬೇಕೆಂದಿದ್ದೇವೆ. ಮನೆಯಲ್ಲಿ ಅಡಿಕೆ ದಬ್ಬೆ ಇದೆ, ಕೋಳಿ ಬಲೆಯ ಒಂದು ಸುರುಳಿಯೂ ಇದೆ. ಇವು ಸಾಕಾಗುತ್ತವೆಯೇ? ಮಹಡಿಗಳ ನಡುವೆ ಎಷ್ಟು ಎತ್ತರ ಇರಬೇಕು, ಹತ್ತಲು ಏಣಿ ಹೇಗಿರಬೇಕು? ಮಳೆಗಾಲ ಹಿಡಿಯುವ ಮೊದಲು ಮುಗಿಸಬೇಕಾಗಿದೆ.
— ಓದುಗರು, ಕಾವೂರು, ಮಂಗಳೂರು

ಉತ್ತರ: ಬಲೆ, ದಬ್ಬೆಗಳ ಮಾತಿಗಿಂತ ಮೊದಲು ಗೂಡಿನ ಆಕಾರವನ್ನು ಬದಲಿಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಎರಡಡಿ ಚದರದ ಮೂರು ಮಹಡಿಗಳನ್ನು ಕೂಡಿಸಿದರೆ 12 ಚದರ ಅಡಿ ಆಗುತ್ತದೆ ನಿಜ, ಆದರೆ ಆ ಗೂಡಿನಲ್ಲಿ ಎಲ್ಲಿಯೂ ಮೊಲ ಎರಡಡಿಗಿಂತ ಮುಂದೆ ಹೋಗಲಾರದು, ಅದರಲ್ಲೂ ಮೇಲೇರುವ ಕಿಂಡಿಗೆ ಒಂದಷ್ಟು ನೆಲ ಹೋಗಿಬಿಡುತ್ತದೆ. ಅದೇ 12 ಚದರ ಅಡಿಯನ್ನು ಆರಡಿ ಉದ್ದ, ಎರಡಡಿ ಅಗಲದ ಒಂದೇ ನೆಲವಾಗಿ ಹಾಸಿದರೆ ಮರಿಗಳು ಮೂರು ನಾಲ್ಕು ಬಾರಿ ಕುಪ್ಪಳಿಸಿ, ತಿರುಗಿ, ಮತ್ತೆ ಓಡಿ ಬರಬಹುದು. ಮೊಲ ನೆಲದ ಮೇಲೆ ಓಡುವ ಪ್ರಾಣಿ. ಮಹಡಿ ಅದಕ್ಕೆ ಹತ್ತಿ ಕುಳಿತು ಸುತ್ತ ನೋಡುವ ಸುಖವನ್ನು ಕೊಡುತ್ತದೆಯೇ ಹೊರತು ಓಡುವ ನೆಲದ ಬದಲಿಗೆ ಸಲ್ಲುವುದಿಲ್ಲ. ಇಂದು ನಿಮ್ಮ ಅಂಗೈಯಲ್ಲಿ ಕೂರುವ ಮರಿಗಳು ಆರೇಳು ತಿಂಗಳಲ್ಲಿ ಎರಡು ಮೂರು ಕಿಲೋ ತೂಗುತ್ತವೆ, ವೈಟ್ ಜಯಂಟ್ ಅಥವಾ ಸೋವಿಯತ್ ಚಿಂಚಿಲಾ ತಳಿಯ ರಕ್ತ ಬೆರೆತಿದ್ದರೆ ನಾಲ್ಕು ಕಿಲೋ ದಾಟಿದರೂ ಆಶ್ಚರ್ಯವಿಲ್ಲ. ಚೆನ್ನಾಗಿ ಸಾಕಿದ ಮೊಲ ಎಂಟು ಹತ್ತು ವರ್ಷ ಬದುಕುತ್ತದೆ. ಆದ್ದರಿಂದ ಗೂಡನ್ನು ಮರಿಯ ಅಳತೆಗಲ್ಲ, ಬೆಳೆದ ಮೊಲದ ಅಳತೆಗೆ ಕಟ್ಟಬೇಕು. ಆರಡಿ ಉದ್ದಕ್ಕೆ ಜಗಲಿಯಲ್ಲಿ ಖಂಡಿತ ಎಡೆಯಿಲ್ಲವೆಂದಾದರೆ ನಾಲ್ಕಡಿಗಾದರೂ ನಿಲ್ಲಿಸಿ, ಪ್ರತಿದಿನ ಮೂರು ನಾಲ್ಕು ಗಂಟೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಅವುಗಳನ್ನು ಬಿಡಿ.

ನನ್ನ ಸಲಹೆಯ ಗೂಡು ಹೀಗಿದೆ. ಕಾಲುಗಳು ಒಂದೂವರೆ ಅಡಿ ಎತ್ತರ, ಅದರ ಮೇಲೆ 6 ಅಡಿ ಉದ್ದ, 2 ಅಡಿ ಅಗಲದ ಕೆಳನೆಲ, ಅಲ್ಲಿಂದ ಎರಡಡಿ ಮೇಲೆ ಎಡಗಡೆಯ ಅರ್ಧಕ್ಕೆ ಮಾತ್ರ, ಅಂದರೆ ಮೂರಡಿ ಉದ್ದಕ್ಕೆ ಮಹಡಿ, ಅದರ ಮೇಲೆ ಮತ್ತೆ ಎರಡಡಿ ಬಿಟ್ಟು ಮಾಡು. ಒಟ್ಟು ಎತ್ತರ ಐದೂವರೆ ಅಡಿಯಾಗುವುದರಿಂದ ಮೇಲಿನ ಮೂಲೆಯೂ ಕೈಗೆ ಸಿಗುತ್ತದೆ. ಎರಡಡಿ ಎತ್ತರ ಏಕೆಂದರೆ ಬೆಳೆದ ಮೊಲ ಹಿಂಗಾಲಿನ ಮೇಲೆ ನಿಂತಾಗ ಕಿವಿ ತಗಲಬಾರದು, ಸದಾ ಬಗ್ಗಿಯೇ ಇರಬೇಕಾದ ಮೊಲಕ್ಕೆ ಬೆನ್ನು ಕೆಡುತ್ತದೆ. ಮೂರನೆಯ ಮಹಡಿಯನ್ನು ಕೈಬಿಡಿ. ಮೊಲದ ಅಸ್ಥಿಪಂಜರ ದೇಹದ ತೂಕದ ನೂರಕ್ಕೆ ಏಳೆಂಟು ಪಾಲು ಮಾತ್ರ ಇರುತ್ತದೆ, ಬೆಕ್ಕಿನಲ್ಲಿ ಅದು ನೂರಕ್ಕೆ 12-13 ಪಾಲು. ಹಗುರವಾದ ಆ ಮೂಳೆಗಳಿಗೆ ಹಿಂಗಾಲಿನ ಬಲಿಷ್ಠ ಸ್ನಾಯುಗಳು ಅಂಟಿಕೊಂಡಿರುವುದರಿಂದ, ಎತ್ತರದಿಂದ ಬಿದ್ದಾಗಲೋ ಗಾಬರಿಯಿಂದ ಒದೆದಾಗಲೋ ಸೊಂಟದ ಬಳಿ ಬೆನ್ನೆಲುಬು ಮುರಿದು ಹಿಂಗಾಲುಗಳ ಬಲ ಹೋಗುವುದುಂಟು. ಪಟಾಕಿಯ ಸದ್ದಿಗೆ, ಸಿಡಿಲಿಗೆ, ನಾಯಿಯ ಬೊಗಳುವಿಕೆಗೆ ಮರಿಗಳು ಕಣ್ಣು ಮುಚ್ಚಿ ಹಾರುತ್ತವೆ. ಮಹಡಿಯ ಅಂಚಿಗೆ ಮಾಡಿನವರೆಗೂ ಬಲೆ ಕಟ್ಟಿ, ಏರುವ ಹಲಗೆ ಬಂದು ಸೇರುವಲ್ಲಿ ಮಾತ್ರ ಬಾಯಿ ಬಿಡಬೇಕೆಂದು ಹೇಳುವುದು ಈ ಕಾರಣಕ್ಕೆ.

ಏಣಿ ಬೇಡ, ಇಳಿಜಾರು ಹಲಗೆ ಬೇಕು. ಇಳಿಜಾರು 30 ಡಿಗ್ರಿ ದಾಟಬಾರದು. ಆ ಲೆಕ್ಕದಲ್ಲಿ 24 ಇಂಚು ಏರಲು 48 ಇಂಚು ಉದ್ದದ ಹಲಗೆ ಬೇಕಾಗುತ್ತದೆ, ಅಷ್ಟು ಉದ್ದದ ಹಲಗೆ ನೇರವಾಗಿ ಕೂರುವುದಿಲ್ಲವಾದ್ದರಿಂದ ನಡುವೆ ಒಂದು ಕಟ್ಟೆ ಮಾಡಿ ಎರಡು ತುಂಡಾಗಿಸಿ. ಗೂಡಿನ ಬಲತುದಿಯಲ್ಲಿ, ನೆಲದಿಂದ 12 ಇಂಚು ಎತ್ತರದಲ್ಲಿ, 15 ಇಂಚು ಅಗಲದ ಕಟ್ಟೆಯೊಂದು ಇರಲಿ. ಹಿಂಬದಿಯ ಗೋಡೆಗೆ ಒತ್ತಿಕೊಂಡು 24 ಇಂಚಿನ ಮೊದಲ ಹಲಗೆ ನೆಲದಿಂದ ಕಟ್ಟೆಗೆ ಏರುತ್ತದೆ, ಅಷ್ಟೇ ಉದ್ದದ ಎರಡನೆಯ ಹಲಗೆ ಕಟ್ಟೆಯಿಂದ ಹಿಂದಿರುಗಿ ಮಹಡಿಯ ಅಂಚಿಗೆ ಸೇರುತ್ತದೆ. ಆರಡಿ ಉದ್ದದಲ್ಲಿ ಇದು ಸರಿಯಾಗಿ ಕೂರುತ್ತದೆ, ಕಟ್ಟೆಯ ಕೆಳಗಿನ ಒಂದಡಿ ಎತ್ತರದ ಜಾಗ ಮರಿಗಳು ಅಡಗಿ ಕೂರುವ ಗುಹೆಯಾಗುತ್ತದೆ. ಅಡಗಲು ಕತ್ತಲೆಯ ಮೂಲೆಯಿಲ್ಲದ ಗೂಡಿನಲ್ಲಿ ಮೊಲ ನೆಮ್ಮದಿಯಿಂದ ತಿನ್ನುವುದೂ ಇಲ್ಲ. ಹಲಗೆ 10 ಇಂಚು ಅಗಲವಿರಲಿ, ಎರಡೆರಡು ಇಂಚಿಗೆ ತೆಳುವಾದ ಅಡ್ಡಪಟ್ಟಿ ಹೊಡೆಯಿರಿ.

ಇನ್ನು ನೆಲ. ಈ ಕೆಲಸದಲ್ಲಿ ಅತಿ ಹೆಚ್ಚು ಗಮನ ಬೇಡುವ ಭಾಗ ಇದೇ. ನಾಯಿ ಬೆಕ್ಕುಗಳಿಗಿರುವಂತೆ ಮೊಲದ ಅಂಗಾಲಿಗೆ ಮೆತ್ತೆಯಿಲ್ಲ, ಕೂದಲ ಹೊದಿಕೆ ಮಾತ್ರ. ಬರೀ ಬಲೆಯ ಮೇಲೆ ಹಗಲಿರುಳು ನಿಂತರೆ ಕೂದಲು ಸವೆದು ಹಿಮ್ಮಡಿ ಹುಣ್ಣಾಗುತ್ತದೆ, ನಮ್ಮ ತೇವದ ಹವೆಯಲ್ಲಿ ಅದು ಬೇಗ ಒಣಗುವುದಿಲ್ಲ. ಹಾಗೆಂದು ಹಿಕ್ಕೆ, ಮೂತ್ರ ನಿಲ್ಲುವ ಹಲಗೆಯ ನೆಲವೂ ಸಲ್ಲದು. ಒಂದರಿಂದ ನಾಲ್ಕು ತಿಂಗಳ ನಡುವಿನ ಮರಿಗಳನ್ನು ಹೆಚ್ಚಾಗಿ ಕೊಲ್ಲುವ ರೋಗಗಳಲ್ಲಿ ಕಾಕ್ಸಿಡಿಯೋಸಿಸ್ ಮುಖ್ಯವಾದುದು. ಅದರ ಅಣುಜೀವಿ ಹಿಕ್ಕೆಯೊಂದಿಗೆ ಹೊರಬಿದ್ದು, ಬೆಚ್ಚಗಿನ ತೇವದಲ್ಲಿ ಎರಡು ಮೂರು ದಿನ ಕಳೆಯುವಷ್ಟರಲ್ಲಿ ಸೋಂಕು ಹರಡುವ ಸ್ಥಿತಿಗೆ ಬರುತ್ತದೆ. ಮೇಲಿನ ಮಹಡಿಯ ಹಿಕ್ಕೆ ಕೆಳಗಿನ ಹುಲ್ಲಿಗೆ ಬೀಳುವ ಗೂಡು ಈ ರೋಗಕ್ಕೆ ತಾನಾಗಿ ದಾರಿ ತೆರೆಯುತ್ತದೆ. ಆದ್ದರಿಂದ ಮಹಡಿಗೂ ಕೆಳನೆಲಕ್ಕೂ ಬೇರೆ ಬೇರೆ ಟ್ರೇ ಇರಬೇಕು. ತಗಡಿನ ಕೆಲಸದವರಲ್ಲಿ ಹೇಳಿದರೆ ಅಲ್ಯೂಮಿನಿಯಂ ಹಾಳೆಯ ನಾಲ್ಕೂ ಅಂಚನ್ನು ಎರಡಿಂಚು ಮೇಲಕ್ಕೆ ಮಡಚಿ ಕೊಡುತ್ತಾರೆ, ಕೆಳನೆಲಕ್ಕೆ ಮೂರು ಮೂರು ಅಡಿಯ ಎರಡು ಟ್ರೇ ಮಾಡಿಸಿದರೆ ಹೊರಗೆಳೆಯುವುದು ಸುಲಭ. ಟ್ರೇಯ ಮೇಲೆ ಕಾಗದ, ಅದರ ಮೇಲೆ ಓಲೆ ಚಾಪೆಯ ತುಂಡು ಹಾಸಿ. ಗೋಣಿಯ ನೂಲಿಗೆ ಉಗುರು ಸಿಕ್ಕಿಕೊಳ್ಳುತ್ತದೆ, ಕಿತ್ತು ತಿಂದರೆ ಹೊಟ್ಟೆಗೂ ಕೇಡು. ಮೊಲಗಳು ಸಾಮಾನ್ಯವಾಗಿ ಒಂದೇ ಮೂಲೆಯನ್ನು ಹಿಕ್ಕೆಗೆ ಆರಿಸಿಕೊಳ್ಳುತ್ತವೆ. ಆ ಮೂಲೆಯಲ್ಲಿ ಬೈಹುಲ್ಲು ಹಾಸಿದ ಪ್ಲಾಸ್ಟಿಕ್ ಟಬ್ ಇಟ್ಟು ಅದರ ಪಕ್ಕದಲ್ಲೇ ತಿನ್ನುವ ಹುಲ್ಲಿನ ಗೋದಲಿ ಕಟ್ಟಿದರೆ, ತಿನ್ನುತ್ತಲೇ ಹಿಕ್ಕೆ ಹಾಕುವ ಅಭ್ಯಾಸವಿರುವ ಮರಿಗಳು ತಾವೇ ಟಬ್ಬಿಗೆ ಹೋಗುತ್ತವೆ, ಉಳಿದ ನೆಲ ಒಣಗಿರುತ್ತದೆ. ಟಬ್ಬನ್ನು ದಿನವೂ ಬರಿದು ಮಾಡಿ. ಮೂತ್ರದ ಬಿಳಿ ಕರೆ ಸುಣ್ಣದ ಅಂಶದ್ದು, ವಿನೆಗರ್ ಸುರಿದು ಅರ್ಧ ಗಂಟೆ ಬಿಟ್ಟರೆ ಬಿಡುತ್ತದೆ.

ಕೋಳಿ ಬಲೆಯನ್ನು ಬೇರೆ ಕೆಲಸಕ್ಕೆ ಇಟ್ಟುಕೊಳ್ಳಿ. ಅದರ ತಂತಿ ಬಹಳ ತೆಳು, ಮೊಲವೂ ಕಡಿದು ತೆರೆಯಬಲ್ಲದು, ಬೀದಿನಾಯಿ ಎಳೆದರೆ ಹರಿದೇ ಹೋಗುತ್ತದೆ. ಅರ್ಧ ಇಂಚು ಅಗಲ, ಒಂದು ಇಂಚು ಉದ್ದದ ಕಣ್ಣಿರುವ, 14 ಅಥವಾ 16 ಗೇಜಿನ ವೆಲ್ಡ್ ಮೆಶ್ ಕೇಳಿ ತನ್ನಿ. ಆ ಕಣ್ಣಿನಲ್ಲಿ ಹೆಗ್ಗಣ, ಮುಂಗುಸಿ ನುಗ್ಗಲಾರವು, ಕೇರೆಹಾವು, ಹೆಬ್ಬಾವುಗಳ ಭಯವೂ ಇರುವುದಿಲ್ಲ. ಬಲೆಯನ್ನು ಚೌಕಟ್ಟಿನ ಒಳಮೈಗೆ ಹೊಡೆಯಿರಿ, ಆಗ ಮರಿಗಳಿಗೆ ಮರದ ಅಂಚು ಕಡಿಯಲು ಸಿಗುವುದಿಲ್ಲ, ಕತ್ತರಿಸಿದ ತಂತಿಯ ಮೊನೆಗಳನ್ನು ಹೊರಕ್ಕೆ ಮಡಚಿ ಪಟ್ಟಿಯಿಂದ ಮುಚ್ಚಿ. ಅಡಿಕೆ ದಬ್ಬೆ ಹೊರಗಿನ ಅಲಂಕಾರಕ್ಕೆ, ನೆರಳಿಗೆ ಸರಿ, ಒಳಗೆ ಬೇಡ. ಅದರ ಸಿಬಿರು ಅಂಗಾಲಿಗೆ ಚುಚ್ಚುತ್ತದೆ, ನೆನೆದರೆ ಬೂಷ್ಟು ಹಿಡಿಯುತ್ತದೆ. ಚೌಕಟ್ಟಿಗೆ ಹಳೆಯ ಮನೆ ಕೆಡವಿದಲ್ಲಿ ಸಿಗುವ ಪಕ್ಕಾಸು, ರೀಪುಗಳು ಬಹಳ ಒಳ್ಳೆಯವು, ಬಣ್ಣವಿದ್ದರೆ ಕೆತ್ತಿ ತೆಗೆಯಬೇಕು, ಏಕೆಂದರೆ ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಬಂದರಿನ ಕಡೆಯಿಂದ ಬರುವ ಸರಕಿನ ಪ್ಯಾಲೆಟ್ ಮರ ಬಳಸುವುದಾದರೆ ಅದರ ಮೇಲಿನ ಮುದ್ರೆ ನೋಡಿ. ಎಚ್.ಟಿ. ಎಂದಿದ್ದರೆ ಶಾಖದಿಂದ ಹದಗೊಳಿಸಿದ ಮರ, ಬಳಸಬಹುದು. ಎಂ.ಬಿ. ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು, ಮುಟ್ಟಬೇಡಿ. ಪ್ಲೈವುಡ್ ನೆನೆದು ಉಬ್ಬುತ್ತದೆ, ಅದರ ಅಂಟು ಮರಿಗಳ ಹೊಟ್ಟೆಗೆ ಹೋಗುತ್ತದೆ. ಒರಲೆ ಬಾರದಂತೆ ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವುದು ನಮ್ಮ ಕರಾವಳಿಯ ಹಳೆಯ ಪದ್ಧತಿ. ಮನುಷ್ಯರ ಚರ್ಮವನ್ನೇ ಸುಡುವ ಆ ಎಣ್ಣೆಯನ್ನು ಎಲ್ಲವನ್ನೂ ಕಡಿಯುವ ಪ್ರಾಣಿಯ ಗೂಡಿಗೆ ಹಚ್ಚಲೇಬಾರದು.

ಮಳೆಯ ಬಗ್ಗೆ ಹೇಳುವುದಾದರೆ, ನಮ್ಮಲ್ಲಿ ಇರಚಲು ಹೆಚ್ಚಾಗಿ ಪಡುವಣ ಮತ್ತು ನೈಋತ್ಯದಿಂದ ಹೊಡೆಯುತ್ತದೆ. ಗೂಡಿನ ಆ ಬದಿಯನ್ನು ಹಲಗೆಯಿಂದ ಮುಚ್ಚಿ, ಮೇಲ್ತುದಿಯಲ್ಲಿ ಆರಿಂಚು ಬಲೆ ಬಿಡಿ. ಸುತ್ತಲೂ ಟಾರ್ಪಾಲು ಇಳಿಬಿಟ್ಟು ಕಟ್ಟುವ ರೂಢಿ ತೀರಾ ಅಪಾಯಕಾರಿ, ಮೂತ್ರದಿಂದೇಳುವ ಅಮೋನಿಯಾ ಒಳಗೇ ನಿಂತು ಮರಿಗಳಿಗೆ ಮೂಗು ಸೋರಿ ಉಸಿರಿನ ಕಾಯಿಲೆ ಅಂಟುತ್ತದೆ. ಬಾಗಿಲು ತೆರೆದಾಗ ನಿಮ್ಮ ಕಣ್ಣು ಉರಿದರೆ ಗಾಳಿ ಸಾಲದೆಂದೇ ಅರ್ಥ. ಬೇಸಿಗೆಯಲ್ಲಿ ಕಷ್ಟ ಬೇರೆ ಬಗೆಯದು. ಮೊಲಕ್ಕೆ 15ರಿಂದ 21 ಡಿಗ್ರಿ ಸೆಲ್ಸಿಯಸ್ ಹಿತ, 28-30 ದಾಟಿದರೆ ಸಂಕಟ, ಮಂಗಳೂರಿನ ಮಾರ್ಚ್, ಏಪ್ರಿಲ್ ಹಗಲುಗಳಲ್ಲಿ 33-34 ಡಿಗ್ರಿ ಸಾಮಾನ್ಯ. ಬೆವರದ ಈ ಪ್ರಾಣಿ ಕಿವಿಗಳ ಮೂಲಕವೇ ಹೆಚ್ಚಿನ ಶಾಖವನ್ನು ಹೊರಹಾಕುತ್ತದೆ. ಗೂಡಿನ ಮಾಡು ಜಗಲಿಯ ಶೀಟಿಗೆ ತಾಗದಂತೆ ಒಂದಡಿಯಾದರೂ ತೆರವಿರಲಿ, ಕೆಳನೆಲದಲ್ಲಿ ಒಂದೆರಡು ಮಣ್ಣಿನ ಹಂಚು ಇಟ್ಟರೆ ಮಧ್ಯಾಹ್ನ ಅದರ ಮೇಲೆ ಹೊಟ್ಟೆಯೊತ್ತಿ ಮಲಗುತ್ತವೆ. ನೀರಿಗೆ ಭಾರವಾದ ಮಣ್ಣಿನ ಚಟ್ಟಿ ಉತ್ತಮ.

ಕೊನೆಗೆ ಒಂದು ಮಾತು ನೀವು ಕೇಳದಿದ್ದರೂ ಹೇಳಲೇಬೇಕು. ಎರಡು ಮರಿಗಳಲ್ಲಿ ಒಂದು ಗಂಡು, ಒಂದು ಹೆಣ್ಣಾಗಿದ್ದರೆ ಮೂರು ತಿಂಗಳು ತುಂಬುವ ಮೊದಲೇ ಬೇರ್ಪಡಿಸಬೇಕು. ಪಶುವೈದ್ಯರಿಂದ ಲಿಂಗ ಗುರುತಿಸಿಕೊಂಡು, ಅಗತ್ಯವಿದ್ದರೆ ಮಹಡಿಯ ಬಾಯಿಗೊಂದು ಬಾಗಿಲು ಕೂರಿಸುವ ವ್ಯವಸ್ಥೆಯನ್ನು ಈಗಲೇ ಮಾಡಿಕೊಳ್ಳಿ. ಅದು ಕೆಲವು ದಿನಗಳ ಏರ್ಪಾಡು ಮಾತ್ರ. ಮುಂದೆ ಒಟ್ಟಿಗೆ ಸಾಕಬೇಕೆಂದಿದ್ದರೆ ಸಂತಾನಹರಣದ ಬಗ್ಗೆ ಅವರಲ್ಲಿಯೇ ವಿಚಾರಿಸಿ.

ಪ್ರಶ್ನೆ: ನಮ್ಮದು ಮಲ್ಲಿಗೆ ತೋಟ. ಎರಡು ಹೆಣ್ಣು, ಒಂದು ಗಂಡು ಮೊಲ ಇವೆ. ಒಂದರ ಮೇಲೊಂದರಂತೆ ನಾಲ್ಕು ಅಂತಸ್ತಿನ ಗೂಡು ಮಾಡಿ ಮರಿ ಮಾಡಿಸಬೇಕೆಂದಿದ್ದೇವೆ. ಹಿಕ್ಕೆಯನ್ನು ಗಿಡಕ್ಕೆ ಹಾಕಬಹುದೇ?
— ಓದುಗರು, ಶಂಕರಪುರ, ಉಡುಪಿ

ಉತ್ತರ: ನೀವು ಹೇಳುವ ಗೂಡಿಗೂ ಮೇಲಿನದಕ್ಕೂ ವ್ಯತ್ಯಾಸವಿದೆ. ಅಲ್ಲಿ ಒಂದೇ ಮನೆಯ ಎರಡು ನೆಲೆಗಳು, ಇಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಪ್ರತ್ಯೇಕ ಕೋಣೆಗಳು. ನಾಲ್ಕು ಬೇಡ, ಎರಡಕ್ಕೆ ನಿಲ್ಲಿಸಿ. ನಾಲ್ಕನೆಯದು ನಿಮ್ಮ ತಲೆಯ ಮೇಲೆ ಹೋಗುತ್ತದೆ, ಕಣ್ಣಿಗೆ ಬೀಳದ ಮೊಲದ ಕಾಯಿಲೆ ತಡವಾಗಿ ತಿಳಿಯುತ್ತದೆ, ಮಾಡಿನ ಬಿಸಿಯೂ ಅದಕ್ಕೇ ಮೊದಲು ತಟ್ಟುತ್ತದೆ. ಮೂರು ಮೊಲಗಳಿಗೆ ಕೋಣೆಗಳನ್ನು ಮೇಲಕ್ಕೆ ಏರಿಸುವುದಕ್ಕಿಂತ ಅಕ್ಕಪಕ್ಕ ಹಬ್ಬಿಸುವುದೇ ಲೇಸು. ಎರಡು ಅಂತಸ್ತುಗಳ ನಡುವೆ ಅರ್ಧ ಅಡಿ ತೆರವು ಬಿಟ್ಟು, ಮೇಲಿನದರ ಅಡಿಗೆ ತಗಡನ್ನು ಹಿಂದಕ್ಕೆ ವಾಟ ಕೊಟ್ಟು ಕೂರಿಸಿ, ಮೂತ್ರ ಹಿಂಬದಿಯ ದೋಣಿಗೆ ಇಳಿದು ಹೊರಗೆ ಹೋಗುವಂತೆ ಮಾಡಿ.

ಗಬ್ಬದ ಮೊಲವನ್ನು ಕೆಳಗಿನ ಸಾಲಿನಲ್ಲೇ ಇರಿಸಿ. ಕೂಡಿಸಿದ 30-31 ದಿನಕ್ಕೆ ಮರಿ ಹಾಕುವುದರಿಂದ 27-28ನೆಯ ದಿನ ಪೆಟ್ಟಿಗೆ ಒಳಗಿಡಬೇಕು. 18 ಇಂಚು ಉದ್ದ, 12 ಇಂಚು ಅಗಲ, 12 ಇಂಚು ಎತ್ತರದ ಮರದ ಪೆಟ್ಟಿಗೆ, ಮುಂಬದಿಯಲ್ಲಿ ಮಾತ್ರ ತಡೆ ಆರಿಂಚು ಇದ್ದರೆ ತಾಯಿ ಹಾರಿ ಒಳಹೋಗುತ್ತಾಳೆ, ಮರಿಗಳು ಉರುಳಿ ಹೊರಬರುವುದಿಲ್ಲ. ಹುಟ್ಟಿದಾಗ ಮರಿಗಳಿಗೆ ಕೂದಲಿಲ್ಲ, ಕಣ್ಣಿಲ್ಲ. ಹತ್ತನೆಯ ದಿನದ ಹೊತ್ತಿಗೆ ಕಣ್ಣು ಬಿಡುತ್ತವೆ, ಮೂರನೆಯ ವಾರದಲ್ಲಿ ಪೆಟ್ಟಿಗೆಯಿಂದ ಹೊರಬರಲು ತೊಡಗುತ್ತವೆ. ಆ ಕೋಣೆಯ ನೆಲ ಒಂದೇ ಮಟ್ಟದಲ್ಲಿರಬೇಕು, ಏರುಹಲಗೆ, ಕಟ್ಟೆ ಯಾವುದೂ ಎಂಟು ವಾರದವರೆಗೆ ಬೇಡ. ಬಲೆಯ ನೆಲವಿದ್ದರೆ ಕನಿಷ್ಠ ಅರ್ಧಕ್ಕೆ ಹಲಗೆ ಹಾಸಿ, ಎಳೆಯ ಕಾಲುಗಳು ಕಣ್ಣಿನಲ್ಲಿ ಸಿಕ್ಕಿ ಮುರಿಯುತ್ತವೆ.

ಮೊಲದ ಹಿಕ್ಕೆ ಕೋಳಿಗೊಬ್ಬರದಷ್ಟು ಉಷ್ಣವಲ್ಲ, ಮಲ್ಲಿಗೆಯ ಬುಡದಿಂದ ತುಸು ದೂರಕ್ಕೆ ನೇರವಾಗಿಯೇ ಹಾಕಬಹುದು. ಆದರೆ ಮರಿಗಳಲ್ಲಿ ಭೇದಿ ಕಾಣಿಸಿಕೊಂಡಿದ್ದರೆ ಆ ಹಿಕ್ಕೆಯನ್ನು ಗುಂಡಿಯಲ್ಲಿ ಕೊಳೆಸಿದ ಮೇಲೆಯೇ ಬಳಸಿ, ಮೊಲಗಳಿಗೆ ಹುಲ್ಲು ಕೊಯ್ಯುವ ಜಾಗಕ್ಕಂತೂ ಹಾಕಲೇಬೇಡಿ.

ಪ್ರಶ್ನೆ: ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಎರಡು ಮರಿಗಳನ್ನು ಸಾಕುತ್ತಿದ್ದೇವೆ. ಅಂಗಡಿಯೊಂದು ಮುಚ್ಚಿದಾಗ ಸಿಕ್ಕ ಕಬ್ಬಿಣದ ರ‍್ಯಾಕ್ ಇದೆ, ಮೂರಡಿ ಉದ್ದ, ಒಂದೂವರೆ ಅಡಿ ಅಗಲ. ಅದನ್ನೇ ಗೂಡಾಗಿಸಬಹುದೇ?
— ಓದುಗರು, ಮಣಿಪಾಲ

ಉತ್ತರ: ಒಂದು ರ‍್ಯಾಕ್ ಸಾಲದು, ಅದೇ ಅಳತೆಯ ಇನ್ನೊಂದನ್ನು ಉದ್ದಕ್ಕೆ ಜೋಡಿಸಿ ಆರಡಿ ಮಾಡಿದರೆ ಬಳಸಬಹುದು. ಒಂದೂವರೆ ಅಡಿ ಅಗಲದಲ್ಲಿ ದೊಡ್ಡ ಮೊಲ ತಿರುಗಲು ಒದ್ದಾಡುವುದರಿಂದ ಕೆಳನೆಲದ ಹಲಗೆಯನ್ನು ಮುಂದಕ್ಕೆ ಅರ್ಧ ಅಡಿ ಚಾಚಿ, ಆ ಚಾಚಿನ ಅಡಿಗೆ ಎರಡು ಕಾಲು ಕೊಡಿ. ತೂತಿನ ಆಂಗಲ್‌ಗಳ ಅನುಕೂಲವೆಂದರೆ ಹಲಗೆಗಳನ್ನು ಬೇಕಾದ ಎತ್ತರಕ್ಕೆ ಕೂರಿಸಬಹುದು, ಮರಿಗಳು ಸಣ್ಣವಿರುವಾಗ ಮಹಡಿಯನ್ನು ಒಂದಡಿಯಲ್ಲೇ ಇಟ್ಟು, ಬೆಳೆದಂತೆ ಎರಡಡಿಗೆ ಏರಿಸಬಹುದು. ಇದನ್ನು ಮರದ ಗೂಡಿನಲ್ಲಿ ಮಾಡಲಾಗದು. ಬೋಲ್ಟಿನ ತುದಿಗಳೆಲ್ಲ ಹೊರಮುಖವಾಗಿರಲಿ, ತಗಡಿನ ಹರಿತವಾದ ಅಂಚುಗಳನ್ನು ಮರದ ಪಟ್ಟಿಯಿಂದ ಮುಚ್ಚಿ. ರ‍್ಯಾಕನ್ನು ಗೋಡೆಗೆ ಬಿಗಿಯದೆ ಬಿಡಬೇಡಿ, ಗುಡ್ಡದ ಮೇಲಿನ ಊರಿನಲ್ಲಿ ಮಳೆಗಾಲದ ಗಾಳಿಗೆ ಅದು ಅಲುಗಾಡಿದರೂ ಮರಿಗಳು ಬೆದರುತ್ತವೆ. ಬಾಲ್ಕನಿ ಪಡುವಣಕ್ಕೆ ತೆರೆದಿದ್ದರೆ ಮಧ್ಯಾಹ್ನದ ಬಿಸಿಲಿಗೆ ಕಬ್ಬಿಣ ಮುಟ್ಟಲಾಗದಷ್ಟು ಕಾಯುತ್ತದೆ. ಅಂಥ ಬಾಲ್ಕನಿಯಲ್ಲಿ ಬೇಡ, ಹಜಾರದ ಒಂದು ಬದಿಗೆ ತನ್ನಿ.

ಪ್ರಶ್ನೆ: ಸಮುದ್ರದ ಹತ್ತಿರ ಇರುವುದರಿಂದ ಗೂಡಿನ ಬಲೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯಿತು. ಇರುವೆಯ ಕಾಟವೂ ಹೆಚ್ಚಾಗಿದೆ. ಪರಿಹಾರವೇನು?
— ಓದುಗರು, ಉಳ್ಳಾಲ

ಉತ್ತರ: ವೆಲ್ಡ್ ಮೆಶ್‌ನಲ್ಲಿ ಎರಡು ಬಗೆಯಿದೆ. ಸತು ಲೇಪಿಸಿದ ತಂತಿಯನ್ನು ತಂದು ಬೆಸೆದದ್ದು ಒಂದು, ಬೆಸೆದ ಮೇಲೆ ಇಡೀ ಬಲೆಯನ್ನು ಸತುವಿನಲ್ಲಿ ಅದ್ದಿದ್ದು ಇನ್ನೊಂದು. ಮೊದಲನೆಯದರಲ್ಲಿ ಬೆಸುಗೆಯ ಚುಕ್ಕೆಗಳಲ್ಲಿ ಲೇಪ ಸುಟ್ಟುಹೋಗಿರುತ್ತದೆ, ಉಪ್ಪುಗಾಳಿ ಅಲ್ಲಿಂದಲೇ ತಿನ್ನಲು ತೊಡಗುತ್ತದೆ. ಎರಡನೆಯದನ್ನೇ ಕೇಳಿ ತನ್ನಿ, ಬೆಸುಗೆಯ ಜಾಗದಲ್ಲಿಯೂ ಲೇಪ ದಪ್ಪವಾಗಿ ಕೂತಿರುವುದು ಕಣ್ಣಿಗೆ ಕಾಣುತ್ತದೆ. ಹೊಸ ಬಲೆಯ ಮೇಲಿನ ಸತುವಿನ ಹುಡಿ, ಗಂಟುಗಳನ್ನು ವಿನೆಗರ್ ಹಚ್ಚಿ ಬ್ರಶ್ಶಿನಿಂದ ಉಜ್ಜಿ, ತೊಳೆದು, ಬಿಸಿಲಿಗೆ ಒಣಗಿಸಿಯೇ ಕಟ್ಟಬೇಕು, ಮರಿಗಳು ತಂತಿಯನ್ನು ನೆಕ್ಕುತ್ತವೆ. ತುಕ್ಕು ಹಿಡಿದ ಹಳೆಯ ಬಲೆಗೆ ಬಣ್ಣ ಬಳಿದು ಉಳಿಸಿಕೊಳ್ಳುವ ಯೋಚನೆ ಬೇಡ, ಆ ಬಣ್ಣದ ಚಕ್ಕೆಗಳು ಅವುಗಳ ಹೊಟ್ಟೆಗೇ ಸೇರುತ್ತವೆ.

ಇರುವೆಗೆ ಗೂಡಿನ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿ ನಿಲ್ಲಿಸುವ ಹಳೆಯ ಉಪಾಯವೇ ಸಾಕು. ಆದರೆ ಮಲೇರಿಯಾ ಬಹುಕಾಲದಿಂದ ಕಾಡುತ್ತಿರುವ ಈ ಪ್ರದೇಶದಲ್ಲಿ ನಿಂತ ನೀರನ್ನು ಹಾಗೆಯೇ ಬಿಡುವಂತಿಲ್ಲ. ವಾರಕ್ಕೆ ಎರಡು ಬಾರಿ ಚೆಲ್ಲಿ, ಬಟ್ಟಲನ್ನು ಉಜ್ಜಿ, ಹೊಸ ನೀರಿನ ಮೇಲೆ ಒಂದು ಚಮಚ ತೆಂಗಿನೆಣ್ಣೆ ಬಿಡಿ. ಕೀಟನಾಶಕದ ಹುಡಿ, ಸೀಮೆಸುಣ್ಣದ ಗೆರೆ ಯಾವುದನ್ನೂ ಗೂಡಿನ ಬಳಿ ಬಳಸಬೇಡಿ. ಇರುವೆ ಬರುವುದು ಹೆಚ್ಚಾಗಿ ಚೆಲ್ಲಿದ ಹಿಂಡಿಗೆ, ಹಣ್ಣಿನ ತುಂಡಿಗೆ. ಮರಿಗಳಿಗೆ ಮುಖ್ಯ ಆಹಾರ ಹುಲ್ಲೇ ಆದರೆ ಆ ಕಾಟವೂ ಕಡಿಮೆಯಾಗುತ್ತದೆ, ಜೀವಮಾನವಿಡೀ ಬೆಳೆಯುತ್ತಲೇ ಇರುವ ಅವುಗಳ ಹಲ್ಲು ಸವೆಯಲೂ ಹುಲ್ಲೇ ಬೇಕು.

ಪ್ರಶ್ನೆ: ಎರಡು ಮರಿಗಳಲ್ಲಿ ಒಂದು ಮಹಡಿಗೆ ಸಲೀಸಾಗಿ ಹತ್ತುತ್ತದೆ, ಇನ್ನೊಂದು ಹತ್ತುವುದೇ ಇಲ್ಲ. ಎತ್ತಿ ಮೇಲಿಟ್ಟರೆ ಅಲ್ಲೇ ಮುದುಡಿ ಕೂರುತ್ತದೆ. ಏನು ಮಾಡಬೇಕು?
— ಓದುಗರು, ಕಾಪು

ಉತ್ತರ: ಎತ್ತಿ ಮೇಲಿಡಬೇಡಿ. ಹತ್ತಲು ಕಲಿಯದ ಮರಿಗೆ ಇಳಿಯಲೂ ತಿಳಿಯದು, ಅದು ಗಾಬರಿಯಿಂದ ಹಾರುವುದು ಇಂಥ ಹೊತ್ತಿನಲ್ಲಿಯೇ. ಹುಲ್ಲು, ನೀರು, ಅಡಗುವ ಮೂಲೆ ಈ ಮೂರೂ ಕೆಳನೆಲದಲ್ಲಿ ಇರಲಿ, ಹಲಗೆಯ ಅಡ್ಡಪಟ್ಟಿಗಳ ನಡುವೆ ಗರಿಕೆಯನ್ನೋ ಕೊತ್ತಂಬರಿ ದಂಟನ್ನೋ ಸಿಕ್ಕಿಸಿ ಬಿಟ್ಟುಬಿಡಿ. ಹಲಗೆ ಜಾರುತ್ತಿದೆಯೇ, ಕಾಲಿಟ್ಟಾಗ ಅಲುಗುತ್ತಿದೆಯೇ ಎಂದು ಕೈಯಿಂದ ಒತ್ತಿ ನೋಡಿ, ಅಲುಗುವ ಹಲಗೆಯನ್ನು ಮೊಲ ನಂಬುವುದಿಲ್ಲ. ಇಷ್ಟಾದ ಮೇಲೂ ಹತ್ತದಿದ್ದರೆ ಅದು ಆ ಮರಿಯ ಸ್ವಭಾವ, ಒತ್ತಾಯ ಬೇಡ. ಆದರೆ ಮೊದಲು ಹತ್ತುತ್ತಿದ್ದ ಮರಿ ಈಗ ನಿಲ್ಲಿಸಿದ್ದಾದರೆ ಅಂಗಾಲು, ಹಿಮ್ಮಡಿಗಳನ್ನು ಬೆಳಕಿನಲ್ಲಿ ಪರೀಕ್ಷಿಸಿ. ಕೆಂಪಾಗಿ ಕೂದಲು ಉದುರಿದ್ದರೆ, ಒಂದು ಕಾಲನ್ನು ಎಳೆದು ನಡೆಯುತ್ತಿದ್ದರೆ ಪಶುವೈದ್ಯರಿಗೆ ತೋರಿಸಿ, ಅರ್ಧ ದಿನ ಹುಲ್ಲನ್ನೇ ಮುಟ್ಟದಿದ್ದರೆ ಮರುದಿನಕ್ಕೆ ಕಾಯದೆ ಅಂದೇ ಕರೆದೊಯ್ಯಿರಿ.